ಕಿವ್ಯಾಗ ಗುಂಯ್ ಅಂದ್ರ ಎಣ್ಣಿ ಬಿಡಬ್ಯಾಡ್ರಿ, ಮೊದ್ಲ ಕಿವಿ ತೋರಿಸ್ರಿ

ಕಾಲು ಮುರಿದವರನ್ನು ಊರಿನ ಮಂದಿಯೆಲ್ಲ ಹೋಗಿ ಮಾತಾಡಿಸಿ ಬರುತ್ತಾರೆ. ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತಾರೆ. ಆದರೆ ಕಿವಿಯೊಳಗೆ ಹಗಲು ರಾತ್ರಿ ಸದ್ದು ಕೇಳುವವರ ಕಷ್ಟ ಪಕ್ಕದಲ್ಲೇ ಮಲಗಿದವರಿಗೂ ಗೊತ್ತಾಗುವುದಿಲ್ಲ. ಗಾಯವಿಲ್ಲ, ಬಾವಿಲ್ಲ, ತೋರಿಸಲು ಏನೂ ಇಲ್ಲ. ಹೇಳಿದರೆ ನಗುತ್ತಾರೆ ಅಂತ ಬಹಳ ಮಂದಿ ಹೇಳುವುದೇ ಇಲ್ಲ.

ಸೊರಟೂರ ಸೀಮೆಯ ಯಾವ ಕಟ್ಟೆಯ ಮೇಲಾದರೂ ಈ ಮಾತು ತೆಗೆದು ನೋಡಿ. "ಕಿವ್ಯಾಗ ಜೀರುಂಡಿ ಕುಂತಂಗ ಆಗೇತ್ರಿ" ಅಂತ ಒಬ್ಬರು ಅನ್ನುತ್ತಾರೆ. ಇನ್ನೊಬ್ಬರಿಗೆ ಕುಕ್ಕರ್ ಸೀಟಿ ಹೊಡೆದಂತೆ. ಮತ್ತೊಬ್ಬರಿಗೆ ಗಾಳಿ ಬೀಸಿದಂತೆ. ಮಾತು ಮುಗಿಯುವಷ್ಟರಲ್ಲಿ ಯಾರೋ ಒಬ್ಬರು ತೀರ್ಪು ಕೊಟ್ಟುಬಿಡುತ್ತಾರೆ: "ವಯಸ್ಸಾತು, ಬಿಡ್ರಿ. ಅದಕ್ಕ ಮದ್ದಿಲ್ಲ."

ನನ್ನ ತಕರಾರು ಇರುವುದು ಈ ತೀರ್ಪಿನ ಮೇಲೆ. ಸದ್ದನ್ನು ಪೂರ್ತಿ ಅಳಿಸುವ ಗುಳಿಗೆ ಇಲ್ಲ ಅನ್ನುವುದು ಬಹುಪಾಲು ನಿಜ. ಆದರೆ "ಗುಳಿಗೆ ಇಲ್ಲ" ಅನ್ನುವುದು ಬೇರೆ, "ಮಾಡುವುದಕ್ಕೆ ಏನೂ ಇಲ್ಲ" ಅನ್ನುವುದು ಬೇರೆ. ಇವೆರಡರ ನಡುವೆ ನಮ್ಮ ಹಳ್ಳಿಯ ಮಂದಿ ನಿದ್ದೆ, ರೊಕ್ಕ, ಕೆಲವೊಮ್ಮೆ ಉಳಿಸಿಕೊಳ್ಳಬಹುದಾಗಿದ್ದ ಕಿವಿಯನ್ನೂ ಕಳೆದುಕೊಳ್ಳುತ್ತಿದ್ದಾರೆ. ಕಿವಿಯಲ್ಲಿ ಸದ್ದು ಅಂದವರಿಗೆ ಮೊದಲು ಸಿಗಬೇಕಾದದ್ದು ಎಣ್ಣೆಯಲ್ಲ, ಉಪದೇಶವಲ್ಲ, ಒಂದು ಸರಿಯಾದ ಶ್ರವಣ ಪರೀಕ್ಷೆ. ಅದು ನಮ್ಮ ಕೈಗೆಟುಕುವಷ್ಟು ಹತ್ತಿರ ಬರಬೇಕು.

ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಸದ್ದು ಕೇಳುವುದಕ್ಕೆ ಡಾಕ್ಟರು ಟಿನ್ನಿಟಸ್ ಅನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಕರ್ಣನಾದ ಅನ್ನುವ ಹೆಸರು ಹಿಂದಿನಿಂದಲೂ ಇದೆ. ಅಂದರೆ ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ರೋಗವಲ್ಲ. ಸಂಗೀತಗಾರ ಬೀಥೋವನ್ 1801ರಲ್ಲೇ ತನ್ನ ಗೆಳೆಯನಿಗೆ ಬರೆದ ಕಾಗದದಲ್ಲಿ ಹಗಲು ರಾತ್ರಿ ಕಿವಿ ಮೊರೆಯುತ್ತದೆ ಅಂತ ದುಃಖ ತೋಡಿಕೊಂಡಿದ್ದ.

2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹಲವು ದೇಶಗಳ ಲೆಕ್ಕವನ್ನು ಒಟ್ಟು ಮಾಡಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ಸದ್ದು ಇದೆ. ಜೀವನಕ್ಕೇ ತೊಂದರೆಯಾಗುವಷ್ಟು ಜೋರಾಗಿ ಇರುವುದು ನೂರಕ್ಕೆ ಸುಮಾರು 2 ಮಂದಿಗೆ. ಹಾಗಾದರೆ ಕಿವಿಯಲ್ಲಿ ಸದ್ದು ಅಂದವರು ನಿಮ್ಮೂರಲ್ಲಿ ಒಬ್ಬರೇ ಅಲ್ಲ. ಬಾಯಿ ಬಿಟ್ಟು ಹೇಳಿದವರು ಮಾತ್ರ ಕಡಿಮೆ.

ಸದ್ದು ಎಲ್ಲಿಂದ ಬರುತ್ತದೆ? ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15 ಸಾವಿರ ಸೂಕ್ಷ್ಮ ಕೂದಲು ಕೋಶಗಳಿವೆ. ಹೊರಗಿನ ಸದ್ದನ್ನು ಹಿಡಿದು ಮಿದುಳಿಗೆ ಮುಟ್ಟಿಸುವ ಕೆಲಸ ಅವುಗಳದ್ದು. ಹೊಲದ ಪೈರು ಒಣಗಿದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಧಾರವಾಡ ಆಕಾಶವಾಣಿ ಸರಿಯಾಗಿ ಹಿಡಿಯದ ಜಾಗದಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಸ್ಟೇಷನ್ ಕ್ಷೀಣವಾದಾಗ ನಾವು ವಾಲ್ಯೂಮ್ ಏರಿಸುತ್ತೇವೆ. ಆಗ ಹಾಡಿಗಿಂತ ಸೊರ್ ಅನ್ನುವ ಸದ್ದೇ ಹೆಚ್ಚು ಕೇಳುತ್ತದೆ. ಮಿದುಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಂತ ತಜ್ಞರು ವಿವರಿಸುತ್ತಾರೆ. ಕಿವಿಯಿಂದ ಬರುವ ಸದ್ದು ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸುತ್ತದೆ, ಆ ಖಾಲಿ ಜಾಗದ ಸದ್ದೇ ಗುಂಯ್ ಅಂತ ಕೇಳುತ್ತದೆ. ಅದಕ್ಕೇ ಈ ತೊಂದರೆ ಇರುವ ಬಹಳಷ್ಟು ಮಂದಿಗೆ ಕಿವಿ ಸ್ವಲ್ಪ ಮಂದವೂ ಆಗಿರುತ್ತದೆ. ಅದು ಅವರಿಗೇ ಗೊತ್ತಿರುವುದಿಲ್ಲ. "ಮಂದಿ ತುಟಿಯೊಳಗ ಮಾತಾಡ್ತಾರ" ಅಂತ ಮಂದಿಯನ್ನೇ ದೂರುತ್ತಿರುತ್ತಾರೆ.

ಸದ್ದನ್ನು ನಾವೇ ಕಿವಿಗೆ ತುಂಬುತ್ತಿದ್ದೇವೆ

ವಯಸ್ಸು ಒಂದು ಕಾರಣ, ಖರೆ. ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಸುಲಭದ ಉತ್ತರ. ಹಿಟ್ಟಿನ ಗಿರಣಿ, ಎಣ್ಣೆ ಮಿಲ್ಲು, ಹತ್ತಿ ಜಿನ್ನು, ಬೆಟಗೇರಿಯ ಮಗ್ಗಗಳು, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರು, ಜೋಳ ಕಡಲೆ ಒಕ್ಕುವ ರಾಶಿ ಮಷಿನ್ನು, ವೆಲ್ಡಿಂಗ್ ಅಂಗಡಿಯ ಗ್ರೈಂಡರ್. ನಮ್ಮ ಜಿಲ್ಲೆಯ ದುಡಿಮೆಯೇ ಸದ್ದಿನ ದುಡಿಮೆ. ಅಲ್ಲಿ ದುಡಿಯುವವರ ಕಿವಿಗೆ ಒಂದು ಹತ್ತಿಯುಂಡೆಯೂ ಇರುವುದಿಲ್ಲ. ಇದ್ದರೂ ಬರೀ ಹತ್ತಿ ಸಾಕಾಗುವುದಿಲ್ಲ.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಇಬ್ಬರು ಎದುರುಬದುರು ಕೂತು ಆಡುವ ಮಾತು ಸುಮಾರು 60. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳಬಾರದು ಅಂತ ತಜ್ಞರು ಹೇಳುತ್ತಾರೆ. ಅಲ್ಲಿಂದ ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಅಳೆಯುವ ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಮಾರು ದೂರದಲ್ಲಿ ನಿಂತವರಿಗೆ ಕೂಗಿಯೇ ಹೇಳಬೇಕಾಗಿದೆ ಅಂದರೆ ಅಲ್ಲಿನ ಸದ್ದು ಕಿವಿಗೆ ಒಳ್ಳೆಯದಲ್ಲ ಅಂತಲೇ ತಿಳಿಯಿರಿ.

ಈಗ ಡಿಜೆ ಲೆಕ್ಕ ಹಾಕಿ. ಮದುವೆ ಮೆರವಣಿಗೆ, ಗಣಪತಿ ಕಳಿಸುವುದು, ಜಯಂತಿ, ಗೆದ್ದವರ ವಿಜಯೋತ್ಸವ, ಎಲ್ಲದಕ್ಕೂ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸ್ಪೀಕರ್ ಗೋಡೆ ಕಟ್ಟುತ್ತಾರೆ. ಅದರ ಮುಂದೆ ಸದ್ದು 100 ಡೆಸಿಬೆಲ್ ದಾಟುವುದು ದೊಡ್ಡ ಮಾತಲ್ಲ. ಎದುರಿಗೆ ಎರಡು ಮೂರು ತಾಸು ಕುಣಿಯುವ ಹುಡುಗರು ಮರುದಿನ "ಕಿವಿ ಮುಚ್ಚಿಕೊಂಡಂಗ ಆಗೇತಿ, ಗುಂಯ್ ಅಂತೈತಿ" ಅಂತ ನಗುತ್ತ ಹೇಳುತ್ತಾರೆ. ಒಂದೆರಡು ದಿನದಲ್ಲಿ ಅದು ಇಳಿಯಬಹುದು. ಆದರೆ ಅದು ಕಿವಿ ಕೊಟ್ಟ ಎಚ್ಚರಿಕೆ. ಮತ್ತೆ ಮತ್ತೆ ಆದರೆ ಒಂದು ದಿನ ಗುಂಯ್ ಅನ್ನುವುದು ಹೋಗುವುದಿಲ್ಲ.

ನಾನು ಹಬ್ಬದ ವಿರೋಧಿಯಲ್ಲ. ಡೊಳ್ಳು, ಹಲಗಿ, ಕರಡಿ ಮಜಲು ಕೇಳಿ ಬೆಳೆದವನು. ಅವುಗಳ ಸದ್ದೂ ಹತ್ತಿರದಲ್ಲಿ ಕಡಿಮೆಯೇನಲ್ಲ, ಬಾರಿಸುವವರೂ ಕಿವಿ ಕಾಪಾಡಿಕೊಳ್ಳಬೇಕು. ಆದರೆ ಬಾರಿಸುವವರ ಕೈ ಸೋಲುತ್ತದೆ, ನಡುವೆ ನಿಲ್ಲಿಸುತ್ತಾರೆ. ಸ್ಪೀಕರಿಗೆ ಕೈ ಸೋಲುವುದಿಲ್ಲ.

ಕಾನೂನೂ ಇದೆ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು 2000ರಲ್ಲೇ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್‌ವರೆಗಿನ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಹಳ್ಳಿಗೆ ಬಂದರೆ ಈ ಅಂಕಿಗಳು ಕಾಗದದ ಮೇಲೇ ಉಳಿಯುತ್ತವೆ. ದೂರು ಕೊಟ್ಟವನು ಊರಿಗೆ ಕೆಟ್ಟವನಾಗುತ್ತಾನೆ. ಅದಕ್ಕೇ ದೂರು ಒಬ್ಬನದಾಗಬಾರದು, ಗ್ರಾಮಸಭೆಯ ಠರಾವು ಆಗಬೇಕು ಅನ್ನುವುದು ನನ್ನ ವಾದ.

ಎಣ್ಣೆ, ಕಡ್ಡಿ, ಗುಳಿಗೆ

ಸದ್ದಿಗೆ ಕಾರಣ ಯಾವಾಗಲೂ ಒಳಗಿವಿಯದೇ ಆಗಿರಬೇಕೆಂದಿಲ್ಲ. ಕಿವಿಯಲ್ಲಿ ಕುಗ್ಗಿ ಗಟ್ಟಿಯಾಗಿ ಕೂತಿದ್ದರೂ ಗುಂಯ್ ಅನ್ನಬಹುದು. ಇಂಥದ್ದನ್ನು ಡಾಕ್ಟರು ಒಂದೇ ಭೇಟಿಯಲ್ಲಿ ತೆಗೆದುಬಿಡಬಹುದು. ಕಿವಿ ಸೋರುವುದು, ತಮಟೆಯಲ್ಲಿ ತೂತು, ನೆಗಡಿಯಿಂದ ಮಧ್ಯಗಿವಿಯಲ್ಲಿ ನೀರು ತುಂಬುವುದು ಕೂಡ ಕಾರಣಗಳೇ. ರಕ್ತಹೀನತೆ, ಥೈರಾಯ್ಡ್, ಬಿಪಿ ಕೂಡ ಕೆಲವರಲ್ಲಿ ಇದಕ್ಕೆ ದಾರಿ ಮಾಡುತ್ತವೆ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಅಂದಮೇಲೆ ನೋಡದೇ "ಮದ್ದಿಲ್ಲ" ಅನ್ನುವುದು ಎಷ್ಟು ತಪ್ಪು ನೋಡಿ.

ನಮ್ಮಲ್ಲಿ ಮೊದಲು ಆಗುವುದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ಒಳಗೆ ಹೋಗಿ ಸೋಂಕು ಹೆಚ್ಚಿಸುತ್ತದೆ. ಬಿಸಿ ಜಾಸ್ತಿಯಾದರೆ ಕಿವಿ ಸುಡುತ್ತದೆ. ಎರಡನೆಯದು ಪಿನ್ನು, ಬೆಂಕಿಕಡ್ಡಿ, ಕೀಲಿಕೈ. ಇವು ಕುಗ್ಗಿಯನ್ನು ಹೊರಗೆ ತರುವುದಕ್ಕಿಂತ ಒಳಗೆ ದಬ್ಬುವುದೇ ಹೆಚ್ಚು. ಸಂತೆಯಲ್ಲಿ ಕಿವಿ ಸ್ವಚ್ಛ ಮಾಡುವವರ ಕಡ್ಡಿಯೂ ಅಷ್ಟೇ. ಮೂರನೆಯದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್. ಕಿವಿಯೊಳಗೆ ಏನಾಗಿದೆ ಅಂತ ನೋಡದೆ ಕೊಟ್ಟ ಡ್ರಾಪ್ಸ್ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಗುಳಿಗೆಗಳ ಮಾತೂ ಇದೆ. ಹೆಚ್ಚು ಪ್ರಮಾಣದ ಆಸ್ಪಿರಿನ್, ದಿನಾ ನುಂಗುವ ಕೆಲವು ನೋವಿನ ಗುಳಿಗೆಗಳು ಕಿವಿಯಲ್ಲಿ ಸದ್ದು ತರಬಲ್ಲವು. ಮೊಣಕಾಲು ನೋವಿಗೆ ಅಂತ ವರ್ಷಗಟ್ಟಲೆ ಗುಳಿಗೆ ನುಂಗುವ ನಮ್ಮ ತಾಯಂದಿರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್‌ನಂಥ ಇಂಜೆಕ್ಷನ್‌ಗಳು ಮತ್ತು ಕೆಲವು ಕ್ಯಾನ್ಸರ್ ಔಷಧಗಳು ಒಳಗಿವಿಗೆ ಪೆಟ್ಟು ಕೊಡಬಲ್ಲವು. ಹಾಗಂತ ಔಷಧವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಸದ್ದು ಶುರುವಾದ ದಿನವೇ ಡಾಕ್ಟರಿಗೆ ತಿಳಿಸಿ, ಬದಲಿಸುವುದು ಅವರ ಕೆಲಸ.

ಕಾಯಬಾರದ ಕಿವಿಗಳು

ಎಲ್ಲ ಸದ್ದಿಗೂ ಗಾಬರಿಯಾಗಬೇಕಿಲ್ಲ. ಆದರೆ ಈ ಕೆಳಗಿನವುಗಳಿಗೆ ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಅಂತ ಕಾಯಬೇಡಿ.

ರಾತ್ರಿ ಸರಿಯಿದ್ದ ಕಿವಿ ಬೆಳಗ್ಗೆ ಏಳುವಷ್ಟರಲ್ಲಿ ಕೇಳದಂತಾದರೆ, ಅಥವಾ ಮೂರು ದಿನದೊಳಗೆ ದಿಢೀರನೆ ಮಂದವಾದರೆ, ಅದು ತುರ್ತು. ಜೊತೆಗೆ ಗುಂಯ್ ಅನ್ನುವುದೂ ಇರುತ್ತದೆ. ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಲಾಭ, ಎರಡು ವಾರ ದಾಟಿದರೆ ಕೈ ತಪ್ಪುವ ಸಂಭವ ಹೆಚ್ಚು. "ಗಾಳಿ ಹೊಕ್ಕೈತಿ, ತಾನಾಗೇ ಬಿಡ್ತೈತಿ" ಅಂತ ಕೂತರೆ ಕಿವಿ ಹೋಗುತ್ತದೆ.

ಒಂದೇ ಕಿವಿಯಲ್ಲಿ ಸದ್ದು ನಿಲ್ಲದೆ ಇದ್ದರೆ ತೋರಿಸಿ. ಎದೆಬಡಿತದ ತಾಳಕ್ಕೆ ಸರಿಯಾಗಿ ಡುಬ್ ಡುಬ್ ಅಂದರೆ ತೋರಿಸಿ, ಅದು ರಕ್ತನಾಳದ ಸದ್ದಾಗಿರಬಹುದು. ತಲೆ ಗಿರ್ ಅಂದು ತಿರುಗಿ ಬೀಳುವಂತಾದರೆ, ಕಿವಿ ಸೋರುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಸದ್ದು ಶುರುವಾದರೆ ತೋರಿಸಿ. ಮುಖ ಒಂದು ಕಡೆ ಜೋತರೆ, ಮಾತು ತೊದಲಿದರೆ ಅದು ಕಿವಿಯ ಮಾತೇ ಅಲ್ಲ, ತಕ್ಷಣ 108ಕ್ಕೆ ಫೋನ್ ಮಾಡಿ.

ಹಾಗಾದರೆ ಪರಿಹಾರ ಏನು?

ಮೂವತ್ತು ವರ್ಷ ಗಿರಣಿ ನಡೆಸಿದ ಒಬ್ಬ ಹಿರಿಯರನ್ನು ನಾನು ಬಲ್ಲೆ. ಗಿರಣಿ ಮಗನಿಗೆ ಬಿಟ್ಟರೂ ಅದರ ಸದ್ದು ಅವರನ್ನು ಬಿಡಲಿಲ್ಲ. ಎರಡು ವರ್ಷ ಎಣ್ಣೆ, ಕಷಾಯ, ದೇವರು ಎಲ್ಲ ಆಯಿತು. ಕೊನೆಗೆ ಪರೀಕ್ಷೆ ಮಾಡಿಸಿದರೆ ಎರಡೂ ಕಿವಿ ಮಂದವಾಗಿದ್ದವು. ಶ್ರವಣ ಸಾಧನ ಹಾಕಿಕೊಂಡರು. ಸದ್ದು ಹೋಯಿತಾ ಅಂತ ಕೇಳಿದೆ. "ಐತ್ರಿ. ಆದ್ರ ಮೊದ್ಲಿನಂಗ ನನ್ನ ಮ್ಯಾಲೆ ಬಂದು ಕುಂದ್ರೂದಿಲ್ಲ" ಅಂದರು.

ಪರಿಹಾರ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಚಂದದ ವಿವರಣೆ ನನಗೆ ಗೊತ್ತಿಲ್ಲ. ಕಿವಿ ಮಂದವಾದವರಿಗೆ ಶ್ರವಣ ಸಾಧನ ಹಾಕಿದಾಗ ಹೊರಗಿನ ಮಾತು, ಹಕ್ಕಿ, ಗಾಳಿ ಎಲ್ಲ ಮತ್ತೆ ಒಳಗೆ ಬರುತ್ತವೆ. ಆಗ ಒಳಗಿನ ಸದ್ದು ಹಿಂದೆ ಸರಿಯುತ್ತದೆ.

ಈ ಸದ್ದು ಹೆಚ್ಚು ಕಾಡುವುದು ರಾತ್ರಿ, ಊರು ಸುಮ್ಮನಾದಾಗ. ಅದಕ್ಕೆ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನ್ ಹಚ್ಚಿ. ರೇಡಿಯೋ ಸಣ್ಣಗೆ ಇಡಿ. ಮೊಬೈಲ್‌ನಲ್ಲಿ ಮಳೆಯ ಸದ್ದು, ಹಳ್ಳದ ಸದ್ದು ಸಿಗುತ್ತದೆ, ಅದನ್ನು ಇಯರ್‌ಫೋನ್ ಹಾಕದೆ ಮೆಲ್ಲಗೆ ಬಿಡಿ. ಕಿವಿಯೊಳಗಿನ ಸದ್ದನ್ನು ಮುಚ್ಚುವಷ್ಟು ಜೋರು ಬೇಡ, ಅದರ ಪಕ್ಕಕ್ಕೆ ಇನ್ನೊಂದು ಸದ್ದು ಇದ್ದರೆ ಸಾಕು.

ಮನಸ್ಸಿಗೂ ಇದಕ್ಕೂ ನಂಟಿದೆ. ಸದ್ದಿನಿಂದ ನಿದ್ದೆಗೆಡುತ್ತದೆ, ನಿದ್ದೆಗೆಟ್ಟರೆ ಚಿಂತೆ, ಚಿಂತೆಯಾದರೆ ಸದ್ದು ಇನ್ನೂ ಜೋರು. ಈ ಗಾಣದಿಂದ ಹೊರಬರಲು ಮಾತಿನ ಚಿಕಿತ್ಸೆ ನೆರವಾಗುತ್ತದೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಶ್ರವಣ ಪರೀಕ್ಷೆ, ಬೇಕಾದವರಿಗೆ ಶ್ರವಣ ಸಾಧನ, ಮಾತಿನ ಚಿಕಿತ್ಸೆ ಇವನ್ನೇ ಹೇಳಿದೆ. ಗಿಂಕ್ಗೊ, ಸತುವಿನ ಗುಳಿಗೆಗಳನ್ನು ಈ ಸದ್ದಿಗೆ ಅಂತ ಬರೆದುಕೊಡಬೇಡಿ ಅಂದಿದೆ. ಮೊಬೈಲ್‌ನಲ್ಲಿ "ಮೂವತ್ತು ದಿನದಲ್ಲಿ ಗ್ಯಾರಂಟಿ" ಅಂತ ಬರುವ ಡಬ್ಬಿಗಳ ಜಾಹೀರಾತು ನೋಡಿದಾಗ ಈ ಮಾತು ನೆನಪಿರಲಿ. ಬದುಕೇ ಸಾಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅನ್ನುವ ಈ ಸರ್ಕಾರಿ ಸಹಾಯವಾಣಿಗೆ ರೊಕ್ಕ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಹಳಷ್ಟು ಮಂದಿಗೆ ತಿಂಗಳುಗಳು ಕಳೆದಂತೆ ಮಿದುಳು ಈ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಇದ್ದರೂ ಕೇಳದ ಹಾಗೆ.

ಕೇಳಬೇಕಾದ್ದು ಇಷ್ಟೇ

ಗದಗಿನ ಜಿಮ್ಸ್‌ನಲ್ಲಿ, ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಕಿವುಡುತನ ತಡೆಗೆ ಅಂತ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2006–07ರಲ್ಲೇ ಶುರುವಾಗಿದೆ. ಅರ್ಹರಿಗೆ ಶ್ರವಣ ಸಾಧನ ಕೊಡುವ ಅಡಿಪ್ ಯೋಜನೆಯೂ ಇದೆ. ಹೆಸರಿಗೆ ಕೊರತೆಯಿಲ್ಲ.

ಕೊರತೆ ಇರುವುದು ನಡುವಿನ ದಾರಿಯಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ, ಆದರೆ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ಮೊದಲ ದಿನ ಚೀಟಿ, ಎರಡನೇ ದಿನ ಪರೀಕ್ಷೆ, ಮೂರನೇ ದಿನ ರಿಪೋರ್ಟು ಅಂದರೆ ಮೂರು ದಿನದ ಕೂಲಿ ಹೋಯಿತು. ಸಾಯುವ ರೋಗವಲ್ಲ ಅಂತ ಗೊತ್ತಾದ ಕೂಡಲೇ ಬಡವರು ಬಿಟ್ಟುಬಿಡುತ್ತಾರೆ. ಅವರ ಮೇಲೆ ತಪ್ಪು ಹೊರಿಸಲಾರೆ.

ಅದಕ್ಕೇ ನಾವು ಕೇಳಬೇಕಾದ್ದು ಮೂರು. ಒಂದು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯಂಥ ತಾಲೂಕು ಕೇಂದ್ರಗಳಲ್ಲಿ ತಿಂಗಳಿಗೆ ಒಂದಾದರೂ ಗೊತ್ತಾದ ದಿನ ಶ್ರವಣ ಪರೀಕ್ಷೆ ನಡೆಯಲಿ. ನೋಡುವುದು, ಪರೀಕ್ಷೆ, ರಿಪೋರ್ಟು ಮೂರೂ ಅದೇ ದಿನ ಮುಗಿಯಲಿ. ಪ್ರತಿ ವರ್ಷ ಮಾರ್ಚ್ 3 ವಿಶ್ವ ಶ್ರವಣ ದಿನ. ಅವತ್ತಿನ ಭಾಷಣ, ಬ್ಯಾನರಿನ ಬದಲು ಈ ಕೆಲಸ ಅವತ್ತೇ ಶುರುವಾಗಲಿ. ಎರಡು, ಗಿರಣಿ, ಮಿಲ್ಲು, ಜಿನ್ನುಗಳ ಮಾಲೀಕರು ಕೆಲಸಗಾರರಿಗೆ ಕಿವಿ ಮುಚ್ಚುವ ಇಯರ್‌ಮಫ್ ಕೊಡಲಿ. ಅದರ ಬೆಲೆ ಒಂದು ಶ್ರವಣ ಸಾಧನದ ಬೆಲೆಯ ಹತ್ತಿರವೂ ಬರುವುದಿಲ್ಲ. ಮೂರು, ಮೆರವಣಿಗೆಗೆ ಪರವಾನಗಿ ಕೊಡುವಾಗಲೇ ಸದ್ದಿನ ಮಿತಿ, ಸಮಯ, ದಾರಿ ಬರೆದುಕೊಡಲಿ. ಮೀರಿದರೆ ಪೆಟ್ಟಿಗೆ ಕೆಳಗಿಳಿಸುವ ಧೈರ್ಯ ಪೊಲೀಸರಿಗೂ ಪಂಚಾಯ್ತಿಗೂ ಇರಲಿ.

ಕಿವಿಯ ಬೆಲೆ ಏನು ಅಂತ ಗದಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಇದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಿವಿಯನ್ನೇ ಕಣ್ಣು ಮಾಡಿಕೊಂಡು ಬಾಳಿದವರು. ಅಂಥ ಜಿಲ್ಲೆಯಲ್ಲಿ ಸ್ಪೀಕರ್ ಗೋಡೆಯ ಮುಂದೆ ಹುಡುಗರ ಕಿವಿ ಹೋಗುತ್ತಿದ್ದರೆ, ಗಿರಣಿಯಲ್ಲಿ ದುಡಿದವರ ಕಿವಿ ಹೋದ ಮೇಲೂ ಯಾರೂ ಪರೀಕ್ಷಿಸದಿದ್ದರೆ, ನಾವು ಯಾವ ಸಂಗೀತದ ಹೆಮ್ಮೆ ಹೇಳಿಕೊಳ್ಳುವುದು?

ನಿಮ್ಮ ಮನೆಯಲ್ಲಿ ಯಾರಾದರೂ "ಕಿವ್ಯಾಗ ಸಪ್ಪಳ ಬರ್ತೈತಿ" ಅಂದರೆ ನಗಬೇಡಿ, ಎಣ್ಣೆ ಕಾಯಿಸಬೇಡಿ. ಯಾವ ಕಿವಿ, ಎಂದಿನಿಂದ, ಯಾವ ಗುಳಿಗೆ ನಡೆದಿದೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವರ ಜೊತೆ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಹತ್ತಿರದಲ್ಲಿ ಸಿಗದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.